ಅಪ್ಡೇಟ್ ಎಲ್ಲದಕ್ಕೂ ಒಟ್ಟಿಗೆ ಬೇಡ

ಮಂಗಳೂರು ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಸಹಕಾರಿ ಸಂಘ, ಶಾಲೆ, ನರ್ಸಿಂಗ್ ಹೋಮ್‌ಗಳಲ್ಲಿ ಹತ್ತೋ ಐವತ್ತೋ ಕಂಪ್ಯೂಟರ್ ನೋಡಿಕೊಳ್ಳುವವರು ಈಗ ಸ್ವಲ್ಪ ಕಿವಿಗೊಡಿ. ಹೇಳುವುದು ಒಂದೇ ಮಾತು. ಅಪ್ಡೇಟನ್ನು ಎಲ್ಲ ಕಂಪ್ಯೂಟರಿಗೂ ಒಟ್ಟಿಗೆ ಬಿಡಬೇಡಿ.

ವಿಂಡೋಸ್‌ನ ಮುಖ್ಯ ಅಪ್ಡೇಟ್ ಬರುವುದು ತಿಂಗಳ ಎರಡನೇ ಮಂಗಳವಾರ. ಅಮೆರಿಕದಲ್ಲಿ ಆಗ ಬೆಳಿಗ್ಗೆ, ನಮಗೆ ರಾತ್ರಿ. ಬುಧವಾರ ಆಫೀಸಿನ ಸ್ವಿಚ್ ಹಾಕುವಾಗ ಅದು ಕಾದು ಕೂತಿರುತ್ತದೆ.

ಅಂಥ ಒಂದು ಬುಧವಾರ. ಉಡುಪಿ ಕಡೆಯ ಒಂದು ಸಂಘ, ಹೆಸರು ಬೇಡ. ಮೇ ತಿಂಗಳು, ಮದುವೆ ಸೀಸನ್. ಕಂಪ್ಯೂಟರ್ 40, ಇಂಟರ್ನೆಟ್ ಲೈನ್ ಒಂದೇ. ಎಲ್ಲವೂ ತಾವಾಗಿ ಅಪ್ಡೇಟ್ ಆಗಲಿ ಎಂದು ಬಿಟ್ಟವನು ನಾನೇ. ತಲಾ ಒಂದು ಜಿಬಿ ಅಂದರೂ 40 ಜಿಬಿ ಆಯಿತಲ್ವಾ? ಒಂದೇ ನಲ್ಲಿಗೆ ನಲವತ್ತು ಕೊಡ ಇಟ್ಟ ಹಾಗೆ. ಹತ್ತು ಗಂಟೆಗೆ ಲೈನ್ ಕಟ್ಟಿಕೊಂಡಿತು. ಕೌಂಟರಿನಲ್ಲಿ ಸಾಲದ ಲೆಕ್ಕ ತೆರೆಯುವುದಿಲ್ಲ. ಅಡವಿಟ್ಟ ಬಳೆ ಬಿಡಿಸಲು ಹೆಬ್ರಿ ಕಡೆಯ ಒಬ್ಬರು ಅಮ್ಮ ಬಂದಿದ್ದರು. ಮರುದಿನ ಮಗಳ ಮದುವೆ. ಹಣ ಸೆರಗಿನಲ್ಲಿ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ನಾನು ಆ ಕಡೆ ಹೋದಾಗಲೆಲ್ಲ, "ಆಯ್ತಾ ಮಗಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಒಂದೊಂದೇ ಕಂಪ್ಯೂಟರಿನ ಕೇಬಲ್ ಕಿತ್ತು ಲೈನ್ ಬಿಡಿಸುವಾಗ ಒಂದೂವರೆ. ಅವರ ಬಸ್ಸು ಹೋಗಿಯಾಗಿತ್ತು. ಕಂಪ್ಯೂಟರ್ ಕೆಟ್ಟಿರಲಿಲ್ಲ, ಅಪ್ಡೇಟೂ ಸರಿಯಾಗೇ ಇತ್ತು. ಒಟ್ಟಿಗೆ ಬಿಟ್ಟದ್ದೇ ತಪ್ಪು.

ಹಾಗಾದರೆ ಏನು ಮಾಡುವುದು? ಸಣ್ಣ ಆಫೀಸಾದರೆ ವಿಂಡೋಸ್‌ನಲ್ಲೇ ಡೆಲಿವರಿ ಆಪ್ಟಿಮೈಸೇಶನ್ ಉಂಟು. ಒಂದು ಕಂಪ್ಯೂಟರ್ ಇಳಿಸಿಕೊಂಡದ್ದನ್ನು ಪಕ್ಕದ್ದು ತೆಗೆದುಕೊಳ್ಳುತ್ತದೆ. ಬೇರೆ ಖರ್ಚಿಲ್ಲ. ಸುಳ್ಯ, ಕುಂದಾಪುರ ಎಂದು ಶಾಖೆ ಹರಡಿದ್ದರೆ ಇನ್‌ಟ್ಯೂನ್ ನೋಡಿ, ಇಂಟರ್ನೆಟ್ ಮೂಲಕ ಕಂಪ್ಯೂಟರ್ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಸೇವೆ ಅದು. ಯಾವ ಗುಂಪಿಗೆ ಯಾವಾಗ ಎಂದು ಕೂತಲ್ಲಿಂದಲೇ ಹೇಳಬಹುದು. ಆಫೀಸಿನ ಸರ್ವರಿಗೆ ಒಮ್ಮೆ ಇಳಿಸಿ ಹಂಚುವ ಡಬ್ಲ್ಯೂಎಸ್‌ಯುಎಸ್ ಈಗಲೂ ನಡೆಯುತ್ತದೆ. ಆದರೆ ಅದಕ್ಕೆ ಹೊಸದೇನೂ ಸೇರಿಸುವುದಿಲ್ಲ ಎಂದು ಮೈಕ್ರೋಸಾಫ್ಟ್ 2024ರಲ್ಲೇ ಹೇಳಿದೆ. ಹೊಸದಾಗಿ ಶುರು ಮಾಡುವವರಿಗೆ ಅದು ಬೇಡ.

ಯಾವ ದಾರಿಯಾದರೂ ಸರಿ, ಒಟ್ಟಿಗೆ ಬಿಡಬೇಡಿ! 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷದ ಫೈಲ್ ಎಲ್ಲ ಕಡೆಗೂ ಒಮ್ಮೆಲೇ ಹೋಯಿತು. ಸುಮಾರು 85 ಲಕ್ಷ ಕಂಪ್ಯೂಟರ್ ಬಿದ್ದವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು.

ಹಾಗೆಂದು ತಿಂಗಳುಗಟ್ಟಲೆ ತಡೆಹಿಡಿಯಬೇಡಿ. ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿದ 2017ರ ವಾನಾಕ್ರೈ ದಾಳಿಗೆ ಮದ್ದಾಗುವ ಅಪ್ಡೇಟ್ ಮಾರ್ಚಿನಲ್ಲೇ ಬಂದಿತ್ತು. ಮೇ ತಿಂಗಳಲ್ಲಿ ಪೆಟ್ಟು ತಿಂದವರಲ್ಲಿ ಹೆಚ್ಚಿನವರು ಅದನ್ನು ಹಾಕದೆ ಕೂತವರು.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳುತ್ತೇನೆ. ಬುಧವಾರ ಐದು ಕಂಪ್ಯೂಟರಿಗೆ ಬಿಡಿ. ಒಂದು ವಾರ ನೋಡಿ, ಉಳಿದವಕ್ಕೆ ಸಂಜೆ ಕೌಂಟರ್ ಮುಚ್ಚಿದ ಮೇಲೆ. ಆ ಐದರಲ್ಲಿ ಪಾಸ್‌ಬುಕ್ ಪ್ರಿಂಟರ್ ಇರುವುದೊಂದು, ಟ್ಯಾಲಿ ಓಡುವುದೊಂದು ಇರಲೇಬೇಕು. ಮೂಲೆಯಲ್ಲಿ ಸುಮ್ನೆ ಕೂತ ಕಂಪ್ಯೂಟರನ್ನು ಆರಿಸಬೇಡಿ. ಯಾರೂ ಮುಟ್ಟದ ಯಂತ್ರದಲ್ಲಿ ದೋಷ ಕಾಣುವುದಿಲ್ಲ. ನಮಸ್ಕಾರ.