"ಕೂದಲೆಳೆಯಲ್ಲಿ ತಪ್ಪಿತು": ಸ್ಲಾಟ್ ಮೆಷಿನ್ ಒಳಗೆ ಏನಾಗುತ್ತದೆ?

[ದೃಶ್ಯ: ಕುಂಬಳೆಯ ಮನೆಯ ಜಗಲಿ. ಮೇಜಿನ ಮೇಲೆ ಅಡಿಕೆ ತುಂಬಿದ ಮೂರು ಬುಟ್ಟಿ]

ನಮಸ್ಕಾರ. ನಮ್ಮ ಸೋದರಮಾವ ಹೋದ ತಿಂಗಳು ಕಾಸರಗೋಡಿನಲ್ಲಿ ರೈಲು ಹತ್ತಿ ಗೋವಾಕ್ಕೆ ಹೋಗಿದ್ದರು. ಮಾಂಡೋವಿ ನದಿಯ ಕ್ಯಾಸಿನೋ ಹಡಗಿಗೂ ಹೋಗಿ ಸ್ಲಾಟ್ ಮೆಷಿನ್ ಆಡಿದರು. ದುಡ್ಡು ಕಟ್ಟಿ ಬಟನ್ ಒತ್ತಿದರೆ ಚಿತ್ರಗಳಿರುವ ಮೂರು ಚಕ್ರ ತಿರುಗಿ ನಿಲ್ಲುತ್ತವೆ; ನಡುವಿನ ಗೆರೆಯಲ್ಲಿ ಮೂರು ಏಳು ಬಂದರೆ ದೊಡ್ಡ ಗೆಲುವು. ಬಂದ ಮೇಲೆ ಒಂದೇ ಮಾತು: "ಎರಡು ಏಳು ಬಿದ್ದಿತ್ತು ಮಾರಾಯ, ಮೂರನೆಯದು ಗೆರೆಗಿಂತ ಚೂರು ಮೇಲೆ ನಿಂತಿತು. ಕೂದಲೆಳೆಯಲ್ಲಿ ತಪ್ಪಿತು!"

ನಿಜವಾಗಿಯೂ ಕೂದಲೆಳೆಯಾ? ಅದನ್ನೇ ನೋಡೋಣ.

[ದೃಶ್ಯ: ಹಳೆಯ ಮೆಷಿನ್‌ನ ಚಿತ್ರ]

1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ 'ಲಿಬರ್ಟಿ ಬೆಲ್' ಎಂಬ ಮೆಷಿನ್ ಮಾಡಿದರು. ಮೂರು ಚಕ್ರ, ಒಂದು ಹಿಡಿಕೆ, ಒಳಗೆ ಸ್ಪ್ರಿಂಗು. ಅಲ್ಲಿ ಕಣ್ಣಿಗೆ ಕಂಡ ಚಕ್ರವೇ ಫಲಿತಾಂಶ. ಈಗ ಹಾಗಿಲ್ಲ. ಒಳಗಿನ ಚಿಪ್ ಯಾರೂ ಆಡದಿದ್ದಾಗಲೂ ಒಂದೇ ಸಮನೆ ಸಂಖ್ಯೆಗಳನ್ನು ಹುಟ್ಟಿಸುತ್ತಾ ಇರುತ್ತದೆ. ನೀವು ಬಟನ್ ಒತ್ತಿದ ಕ್ಷಣಕ್ಕೆ ಯಾವ ಸಂಖ್ಯೆ ಸಿಕ್ಕಿತೋ, ಆಟ ಅಲ್ಲಿಗೇ ಮುಗಿಯಿತು. ಆಮೇಲೆ ಚಕ್ರ ತಿರುಗುವುದು ಸುಮ್ನೆ ನಮಗೆ ತೋರಿಸಲಿಕ್ಕೆ.

[ದೃಶ್ಯ: ಕೈ ಬುಟ್ಟಿಯೊಳಗೆ. ಒಂದು ಅಡಿಕೆಗೆ ಕುಂಕುಮ ಹಚ್ಚಿದೆ]

ಇಲ್ಲಿ ನೋಡಿ. ಒಂದೊಂದು ಬುಟ್ಟಿಯಲ್ಲಿ 22 ಅಡಿಕೆ, ಅದರಲ್ಲಿ ಒಂದು ಮಾತ್ರ ಕೆಂಪು. ಮೂರೂ ಬುಟ್ಟಿಯಿಂದ ಒಟ್ಟಿಗೆ ಕೆಂಪು ಬರುವ ಸಾಧ್ಯತೆ 10,648ರಲ್ಲಿ ಒಂದು. 22 ಮನೆಯ, ಅಂದರೆ ನಿಲ್ಲಲಿಕ್ಕೆ 22 ಜಾಗ ಇರುವ ಚಕ್ರ ನೋಡಿದವರಿಗೆ ಇಷ್ಟೇ ಅನಿಸುತ್ತದೆ, ಅಲ್ವಾ? ಆದರೆ ಚಿಪ್ ಬಳಸುವುದು ಬೇರೆ ಪಟ್ಟಿ. ಅದರಲ್ಲಿ ಚಕ್ರವೊಂದಕ್ಕೆ 64 ಮನೆ ಇದ್ದು, ಏಳಕ್ಕೆ ಒಂದೇ ಮನೆ ಅಂತ ಇಟ್ಟುಕೊಳ್ಳಿ. ಆಗ ಮೂರು ಏಳು ಬೀಳುವುದು 2,62,144ರಲ್ಲಿ ಒಮ್ಮೆ! ಹೊರಗಿನ ಚಕ್ರ ಮಾತ್ರ ಅದೇ 22 ಮನೆಯದ್ದು. ಈ ಉಪಾಯಕ್ಕೆ ಇಂಗೆ ಟೆಲ್ನಾಸ್ ಎಂಬುವರಿಗೆ 1984ರಲ್ಲಿ ಪೇಟೆಂಟ್ ಸಿಕ್ಕಿತು.

ಪಟ್ಟಿಯಲ್ಲಿ ಉಳಿದ ಮನೆಗಳು ಯಾರಿಗೆ? ಏಳರ ಪಕ್ಕದ ಖಾಲಿ ಜಾಗಕ್ಕೆ ಜಾಸ್ತಿ ಮನೆ ಕೊಟ್ಟರೆ, ಏಳು ಮತ್ತೆ ಮತ್ತೆ ಗೆರೆಯ ಮೇಲೋ ಕೆಳಗೋ ಬಂದು ನಿಲ್ಲುತ್ತದೆ. ಮಾವ ಕಂಡ ಕೂದಲೆಳೆ ಇಂಥದ್ದೇ. ನನಗೆ ಸಿಟ್ಟು ಬರುವುದು ಇಲ್ಲೇ. ಸೋತವನಿಗೆ ಗೆಲ್ಲಲಿಕ್ಕೆ ಹತ್ತಿರ ಬಂದೆ ಅನ್ನಿಸಿ ಇನ್ನೊಮ್ಮೆ ಬಟನ್ ಒತ್ತಿಸುತ್ತಾರೆ.

"ತುಂಬಾ ಹೊತ್ತಿಂದ ಕೊಟ್ಟಿಲ್ಲ, ಈಗ ಕೊಡುತ್ತದೆ" ಅನ್ನುವವರೂ ಇದ್ದಾರೆ. ಚಿಪ್‌ಗೆ ನಿಮ್ಮ ಹಿಂದಿನ ಆಟದ ನೆನಪೇ ಇಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. ಕಟ್ಟಿದ ಹಣದಲ್ಲಿ ಆಡುವವರಿಗೆ ವಾಪಸ್ ಬರುವ ಪಾಲು 92 ಶೇಕಡಾ ಎಂದಿಟ್ಟುಕೊಳ್ಳಿ. ಅಮೆರಿಕದ ನೆವಾಡಾದಲ್ಲಿ ಕಾನೂನು ಕೇಳುವುದು ಕನಿಷ್ಠ 75 ಮಾತ್ರ. ಒಂದಾಟಕ್ಕೆ 10 ರೂಪಾಯಿ, ನಿಮಿಷಕ್ಕೆ ಹತ್ತು ಆಟ. ಗಂಟೆಗೆ 6,000 ರೂಪಾಯಿ ಕಟ್ಟಿದ ಹಾಗಾಯಿತು. ಸರಾಸರಿ ನಷ್ಟ 480. ಕೇರಳ ಲಾಟರಿ ಟಿಕೆಟ್ ತೆಗೆದುಕೊಂಡರೆ ಡ್ರಾ ಆಗುವ ತನಕ ಕಾಯಬೇಕು. ಇಲ್ಲಿ ಗಂಟೆಗೆ 600 ಡ್ರಾ!

ಹಾಗಾಗಿ, ಆಡಲೇಬೇಕು ಅಂತಿದ್ದರೆ ನಿಧಾನ ಆಡಿ. ತಾನಾಗೇ ತಿರುಗುವ ಆಟೋ ಬಟನ್ ಮುಟ್ಟಬೇಡಿ. ಹೋದರೆ ಹೋಗಲಿ ಅನ್ನುವಷ್ಟು ನಗದು ಮಾತ್ರ ಜೇಬಲ್ಲಿರಲಿ, ಎಟಿಎಂ ಕಾರ್ಡ್ ರೂಮಿನಲ್ಲಿರಲಿ. ಗೆದ್ದದ್ದನ್ನು ಬೇರೆ ಜೇಬಿಗೆ ಹಾಕಿ. ಹೋದ ದುಡ್ಡು ವಾಪಸ್ ತರುತ್ತೇನೆ ಅಂತ ಮನಸ್ಸು ಹೇಳಿದರೆ, ಅಲ್ಲೇ ಎದ್ದುಬಿಡಿ.

ಫೋನಿನಲ್ಲಿ ಹಣ ಕಟ್ಟಿಸುವ ಸ್ಲಾಟ್ ಆಪ್‌ಗಳ ಹತ್ತಿರವೂ ಹೋಗಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದೇಶದಲ್ಲಿ ಅಂಥ ಆಟ ನಡೆಸುವುದನ್ನೇ ನಿಷೇಧಿಸಿದೆ.

[ದೃಶ್ಯ: ಮಾವನ ಕೈ ಬುಟ್ಟಿಯಿಂದ ಅಡಿಕೆ ತೆಗೆಯುತ್ತಿದೆ]

ನಿನ್ನೆ ಮಾವ ಅರ್ಧ ಗಂಟೆ ಕೂತು ಈ ಮೂರು ಬುಟ್ಟಿಯಿಂದ ಅಡಿಕೆ ತೆಗೆದರು. ಎರಡು ಕೆಂಪು ಒಮ್ಮೆ ಬಂತು. ಮೂರು ಬರಲೇ ಇಲ್ಲ. "64 ಹಾಕಿದರೆ ಹೇಗೆ?" ಅಂತ ಕೇಳಿ, ಒಳಗಿನಿಂದ ಇನ್ನಷ್ಟು ಅಡಿಕೆ ತಂದು ಸುರಿದರು.