ಗೋಮಾ: ಕಪ್ಪು ಕಲ್ಲಿನ ಮೇಲಿನ ಊರು

ಎಲ್ಲರಿಗೂ ನಮಸ್ಕಾರ.

ವಿಜಯಪುರದ ಕಡೆಯವರು ಯಾರಾದರೂ ಇದ್ದೀರಾ? ನಿಮಗೆ ಕಪ್ಪು ಕಲ್ಲು ಹೊಸದಲ್ಲ. ಗೋಳಗುಮ್ಮಟ ಕಟ್ಟಿದ್ದೂ ಅದರಲ್ಲೇ. ಒಂದು ಕಾಲಕ್ಕೆ ಅದು ಕುದಿಯುತ್ತಾ ಹರಿದ ಲಾವಾ. ವಯಸ್ಸು ಸುಮಾರು 6.5 ಕೋಟಿ ವರ್ಷ. ನಾನು ಇವತ್ತು ಹೇಳಲಿರುವ ಊರಿನದೂ ಅಂಥದ್ದೇ ಕಲ್ಲು. ಆದರೆ ಅಲ್ಲಿ ಕೆಲವು ಕಲ್ಲು ಹುಟ್ಟಿದ ತಾರೀಕನ್ನೇ ಊರವರು ಹೇಳುತ್ತಾರೆ: 2002ರ ಜನವರಿ 17.

ಊರು ಗೋಮಾ. ಕಾಂಗೋ ದೇಶದ ಪೂರ್ವದ ಅಂಚಿನಲ್ಲಿದೆ. ಮುಂದೆ ಕಿವು ಸರೋವರ, ಬೆನ್ನಿಗೆ ನ್ಯಿರಾಗೊಂಗೊ ಜ್ವಾಲಾಮುಖಿ. ಪಕ್ಕದಲ್ಲೇ ರುವಾಂಡಾದ ಗಿಸೆನಿ. ಎರಡೂ ಊರು ಎಷ್ಟು ಅಂಟಿಕೊಂಡಿವೆ ಅಂದರೆ, ನಡುವೆ ಒಂದು ಗೇಟು ಇಲ್ಲದಿದ್ದರೆ ದೇಶ ಬದಲಾಗಿದ್ದೇ ಗೊತ್ತಾಗುತ್ತಿರಲಿಲ್ಲ. ಆ ಗೇಟು ಯುರೋಪಿನವರ ಕೊಡುಗೆ. 1910ರಲ್ಲಿ ಬ್ರಸೆಲ್ಸ್‌ನಲ್ಲಿ ಕೂತು ಜರ್ಮನಿ, ಬೆಲ್ಜಿಯಂ, ಬ್ರಿಟನ್ ಗಡಿ ಹಂಚಿಕೊಂಡವು. ಗಿಸೆನಿ ಜರ್ಮನರಿಗೆ, ಗೋಮಾ ಬೆಲ್ಜಿಯಂನವರಿಗೆ. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ, ಬಿಡಿ.

ಈ ಜ್ವಾಲಾಮುಖಿಯ ಲಾವಾ ಗಂಜಿಯಂತೆ ಗಟ್ಟಿಯಾಗಿರುವುದಿಲ್ಲ, ತಿಳಿಸಾರಿನ ಥರ ತೆಳು. 1977ರ ಜನವರಿಯಲ್ಲಿ ಬಾಯಿಯೊಳಗಿದ್ದ ಲಾವಾದ ಕೆರೆ ಕೋಡಿ ಒಡೆದಂತೆ ಖಾಲಿಯಾಯಿತು. ಇಳಿಜಾರಿನಲ್ಲಿ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗ. ಬೇರೆ ಕಡೆ ಲಾವಾ ಬಂದರೆ ನಡೆದುಕೊಂಡೇ ತಪ್ಪಿಸಿಕೊಳ್ಳಬಹುದು. ಇಲ್ಲಿ ಓಡಿದವರೂ ಸಿಕ್ಕಿಬಿದ್ದರು.

ಆದರೆ ಗೋಮಾದ ಹೆಸರು ಲೋಕಕ್ಕೆಲ್ಲ ಗೊತ್ತಾಗಿದ್ದು ಬೆಂಕಿಯಿಂದಲ್ಲ. 1994ರ ಜುಲೈನಲ್ಲಿ, ರುವಾಂಡಾದ ನರಮೇಧದ ಕೊನೆಯಲ್ಲಿ, ಕೆಲವೇ ದಿನಗಳಲ್ಲಿ 8 ಲಕ್ಷದಷ್ಟು ಜನ ಆ ಗಡಿ ದಾಟಿ ಬಂದರು. ಅವರಲ್ಲಿ ಹೆಂಗಸರು, ಮಕ್ಕಳು, ಮುದುಕರು ಇದ್ದರು. ಕೊಲೆ ಮಾಡಿಯೇ ಬಂದವರೂ, ಸೋತ ಸೈನಿಕರೂ ಇದ್ದರು. ಅವರಿಗೆಲ್ಲ ಕುಡಿಯಲು ನೀರೆಲ್ಲಿ? ಕಾಲರಾ ಬಂತು. ಒಂದೇ ತಿಂಗಳಲ್ಲಿ ಸುಮಾರು 50,000 ಜನ ಸತ್ತರು.

ಇಲ್ಲೇ ನಾನು ಕಲ್ಲಿನ ಮಾತಿಗೆ ವಾಪಸ್ ಬರುತ್ತೇನೆ. ಆ ನೆಲಕ್ಕೆ ಗುದ್ದಲಿ ಹೊಡೆದರೆ ಠಣ್ ಅನ್ನುತ್ತದೆ. ಅಗೆಯಲು ಮಣ್ಣೇ ಇಲ್ಲ. ಪಾಯಿಖಾನೆಗೆ ಗುಂಡಿ ತೋಡಲಾಗಲಿಲ್ಲ, ಅದಕ್ಕೇ ಕಾಯಿಲೆ ಅಷ್ಟು ಬೇಗ ಹಬ್ಬಿತು. ಹೂಳಲೂ ಆಗಲಿಲ್ಲ. ಹೆಣಗಳನ್ನು ಚಾಪೆಯಲ್ಲಿ ಸುತ್ತಿ ರಸ್ತೆ ಪಕ್ಕ ಮಲಗಿಸಿದರು. ಎಷ್ಟೋ ವರ್ಷ ಹಿಂದೆ ಹರಿದು ಆರಿದ ಲಾವಾ ಆ ಜುಲೈನಲ್ಲಿ ಇನ್ನೊಂದು ಸಲ ಜನರನ್ನು ಕೊಂದಿತು ಅಂತ ನನಗನ್ನಿಸುತ್ತದೆ.

ಗಡಿ ದಾಟಿ ಬಂದವರ ಆ ನಿರಾಶ್ರಿತ ಶಿಬಿರಗಳಿಂದಲೇ ಮುಂದಿನ ಜಗಳ ಹುಟ್ಟಿತು. 1996ರಲ್ಲಿ ಯುದ್ಧ, 1998ರಲ್ಲಿ ಮತ್ತೆ ಯುದ್ಧ. 2012ರ ನವೆಂಬರ್‌ನಲ್ಲಿ ಎಂ23 ಬಂಡುಕೋರರು ಊರು ಹಿಡಿದು ಹತ್ತು ಹನ್ನೆರಡು ದಿನ ಇದ್ದು ಹೋದರು. 2025ರ ಜನವರಿಯಲ್ಲಿ ಮತ್ತೆ ಬಂದರು. ವಿಶ್ವಸಂಸ್ಥೆಯ ಶಾಂತಿಪಡೆಯ ಭಾಗವಾಗಿ ನಮ್ಮ ಸೇನೆಯವರೂ ಇಲ್ಲಿ ವರ್ಷಗಟ್ಟಲೆ ಇದ್ದರು, ಆಸ್ಪತ್ರೆಯನ್ನೂ ನಡೆಸಿದರು. ಇಷ್ಟೆಲ್ಲ ಆದರೂ ಊರು ಖಾಲಿಯಾಗಲಿಲ್ಲ, ಬೆಳೆಯಿತು. ಹಳ್ಳಿಗಳಲ್ಲಿ ಇನ್ನೂ ಜಾಸ್ತಿ ಭಯ, ಅಲ್ವಾ? ಈಗ ಜನಸಂಖ್ಯೆ 10 ಲಕ್ಷ ದಾಟಿದೆ.

ಇನ್ನು 2002. ಬೆಟ್ಟದ ದಕ್ಷಿಣದ ಮಗ್ಗುಲು ಸೀಳಿತು. ಲಾವಾ ವಿಮಾನ ನಿಲ್ದಾಣದ ರನ್‌ವೇ ಮೇಲೆ ಹತ್ತಿ, ಪೇಟೆಯನ್ನು ಎರಡು ಭಾಗ ಮಾಡಿಕೊಂಡು ಸರೋವರಕ್ಕೆ ಇಳಿಯಿತು. ಸುಮಾರು 4 ಲಕ್ಷ ಜನ ಓಡಿದರು, ಹೆಚ್ಚಿನವರು ಅದೇ ಗೇಟು ದಾಟಿ ಗಿಸೆನಿಗೆ. ಕೆಲವೇ ದಿನಗಳಲ್ಲಿ ವಾಪಸ್ ಬಂದರು. ಇನ್ನೂ ಬಿಸಿಯಾಗಿದ್ದ ಹೆಪ್ಪಿನ ಮೇಲೆ ನಡೆದುಕೊಂಡೇ ಬಂದರು. ಮನೆ ಎಲ್ಲಿತ್ತು ಅಂತ ಅಂದಾಜು ಮಾಡಿ, ಅದರ ಮೇಲೆಯೇ ಹಲಗೆ ಮನೆ ಎಬ್ಬಿಸಿದರು. ಒಡೆದ ಲಾವಾ ಕಲ್ಲು ಕಾಂಪೌಂಡಿಗೆ ಆಯಿತು. ಎಷ್ಟೋ ಕಟ್ಟಡಗಳ ನೆಲಮಹಡಿ ನೆಲದೊಳಕ್ಕೆ ಹೋಗಿ, ಮೊದಲ ಮಹಡಿಯೇ ರಸ್ತೆ ಮಟ್ಟಕ್ಕೆ ಬಂತು. 2021ರ ಮೇ 22ರ ರಾತ್ರಿ ಬಂದ ಲಾವಾ ಮಾತ್ರ ಊರಂಚಿನಲ್ಲಿ, ವಿಮಾನ ನಿಲ್ದಾಣದ ಹತ್ತಿರ ನಿಂತುಬಿಟ್ಟಿತು.

ಸರೋವರವೂ ಸುಮ್ನೆ ಕೂತಿಲ್ಲ. ಅದರ ಆಳದಲ್ಲಿ ಸುಮಾರು 300 ಘನ ಕಿಲೋಮೀಟರ್ ಇಂಗಾಲದ ಡೈಆಕ್ಸೈಡ್, 60 ಘನ ಕಿಲೋಮೀಟರ್ ಮೀಥೇನ್ ಕರಗಿ ಕೂತಿದೆ. ಸೋಡಾ ಬಾಟಲಿ ಅಂದುಕೊಳ್ಳಿ, ಮುಚ್ಚಳದ ಬದಲು ಮೇಲಿನ ನೀರಿನ ಭಾರ. 1986ರಲ್ಲಿ ಕ್ಯಾಮರೂನಿನ ನ್ಯೋಸ್ ಎಂಬ ಪುಟ್ಟ ಕೆರೆ ಹೀಗೆ ಗ್ಯಾಸ್ ಉಗುಳಿ ಸುಮಾರು 1,700 ಜನರನ್ನು ಕೊಂದಿತು. ಕಿವು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆದರೂ ರುವಾಂಡಾ ಅದೇ ಮೀಥೇನ್ ಹೀರಿ ಕರೆಂಟು ಮಾಡುತ್ತಿದೆ. ನೆಲದ ತಗ್ಗುಗಳಲ್ಲೂ ಅಲ್ಲಲ್ಲಿ ಗ್ಯಾಸ್ ನಿಲ್ಲುತ್ತದೆ. ಸ್ವಾಹಿಲಿಯಲ್ಲಿ ಅದಕ್ಕೆ ಮಜುಕು ಅನ್ನುತ್ತಾರೆ, ಕೆಟ್ಟ ಗಾಳಿ ಅಂತ. ತಗ್ಗಿಗಿಳಿದ ಆಡು, ಆಡಿನ ಹಿಂದೆ ಹೋದ ಮಗು, ಯಾರನ್ನೂ ಅದು ಬಿಡುವುದಿಲ್ಲ.

ಗೋಮಾದ ಒಂದು ವೃತ್ತದಲ್ಲಿ ಚಿನ್ನದ ಬಣ್ಣದ ಪ್ರತಿಮೆ ಇದೆ. ರಾಜನದಲ್ಲ, ಸೇನಾಪತಿಯದಲ್ಲ. ಚುಕುಡು ತಳ್ಳುವವನದು. ಚುಕುಡು ಅಂದರೆ ಮರದ ದೊಡ್ಡ ಸ್ಕೂಟರ್. ಚಕ್ರವೂ ಮರದ್ದೇ, ಸುತ್ತ ಹಳೇ ಟಯರಿನ ಪಟ್ಟಿ. ಸವಾರ ಹಲಗೆಯ ಮೇಲೆ ಒಂದು ಮೊಣಕಾಲೂರಿ ಇನ್ನೊಂದು ಕಾಲಲ್ಲಿ ನೆಲ ಒದೆಯುತ್ತಾನೆ. ಇದ್ದಿಲು, ಆಲೂಗಡ್ಡೆ, ಎಲೆಕೋಸು, ನೂರಾರು ಕೆಜಿ ಹೇರುತ್ತಾನೆ. ಏರಿನಲ್ಲಿ ತಳ್ಳಿ ತಳ್ಳಿ ಬೆವರು ಸುರಿಯುತ್ತದೆ. ಇಳಿಜಾರಿನಲ್ಲಿ ಎಂಜಿನ್ ಬೇಡ. ಬೆಟ್ಟದ ಕಡೆಯಿಂದ ಪೇಟೆಗೆ ಬರುವುದೆಲ್ಲ ಇಳಿಜಾರೇ, ಲಾವಾ ಬಂದದ್ದೂ ಅತ್ತಲಿಂದಲೇ.