ಕುದುರೆಗೆ ಯಾರು ಕಾವಲು?

ನಮಸ್ಕಾರ. ಮನೆಯಲ್ಲಿ ಚೆಸ್ ಬೋರ್ಡ್ ಇದ್ದರೆ ಈಗಲೇ ತಂದು ಮುಂದೆ ಹರಡಿಕೊಳ್ಳಿ. ರೇಡಿಯೋದಲ್ಲಿ ಪಟ ತೋರಿಸೋಕೆ ಆಗಲ್ಲ, ನೀವೇ ಕಾಯಿ ನಡೆಸಬೇಕು. ಬಿಳಿ ಕಾಯಿ ನಿಮ್ಮ ಕಡೆ ಇರಲಿ. ನಿಮ್ಮ ಬಲಗೈ ಮೂಲೆಯ ಮನೆ ಬಿಳಿಯದ್ದಾಗಿರಬೇಕು, ಮಂತ್ರಿ ತನ್ನ ಬಣ್ಣದ ಮನೆಯಲ್ಲೇ ನಿಲ್ಲಬೇಕು. ಮಂತ್ರಿ ಅಂದರೆ ಈಗಿನ ಮಕ್ಕಳು ರಾಣಿ ಅನ್ನುತ್ತಾರಲ್ಲ, ಅದೇ. ನಾನು ಅಜ್ಜನ ಹತ್ತಿರ ಕಲಿತವನು, ಬಾಯಿಗೆ ಮಂತ್ರಿಯೇ ಬರುತ್ತದೆ. ಅಜ್ಜನ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಿತ್ತು. ಇಲ್ಲಿ ಎರಡು ಮನೆ ಹಾರಬಹುದು.

ಹೊಸದಾಗಿ ಆಡುವವರು ಸಿಕ್ಕಿದರೆ ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ: ಯಾವ ಓಪನಿಂಗ್, ಅಂದರೆ ಆಟದ ಶುರುವಿನ ನಡೆಗಳು, ಕಲಿಯಲಿ? ನಾನೂ ಕೇಳಿದ್ದೆ. ಕೇಳಿ, ಸಿಸಿಲಿಯನ್‌ನಲ್ಲಿ ನಾಯ್ಡಾರ್ಫ್ ಅನ್ನೋದನ್ನ ಹಿಡಿದುಕೊಂಡೆ. ಸಿಸಿಲಿಯನ್ ಕಪ್ಪು ಕಾಯಿಯವರ ಒಂದು ಓಪನಿಂಗ್, ನಾಯ್ಡಾರ್ಫ್ ಅದರ ಒಂದು ಕವಲು. ವಿಶ್ವ ಚಾಂಪಿಯನ್ ಆಗಿದ್ದ ಫಿಷರ್ ಆಡಿದ್ದು, ಕಾಸ್ಪರೋವ್ ಆಡಿದ್ದು, ನಾನ್ಯಾಕೆ ಆಡಬಾರದು ಅಂತ. ನಾಲ್ಕು ತಿಂಗಳು ರಾತ್ರಿ ಕೂತು ಮಗ್ಗಿ ಥರ ಬಾಯಿಪಾಠ ಮಾಡಿದೆ. ಆಮೇಲೆ ಒಂದು ಭಾನುವಾರ, ಕಲ್ಯಾಣ ಮಂಟಪದಲ್ಲಿ ನಡೆದ ಟೂರ್ನಿಗೆ ಹೋದೆ. ಎದುರಿಗೆ ಒಬ್ಬ ಹಿರಿಯರು, ಸ್ವೆಟರ್ ಹಾಕಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಎರಡನೇ ನಡೆಗೇ ಒಂಟೆಯನ್ನು ಹೊರಗೆ ತಂದುಬಿಟ್ಟರು. ನನ್ನ ಬಾಯಿಪಾಠದಲ್ಲಿ ಅದು ಇರಲೇ ಇಲ್ಲ! ನಾಲ್ಕು ತಿಂಗಳ ಓದು ಒಂದು ನಿಮಿಷದಲ್ಲಿ ಮುಗಿದುಹೋಯಿತು. 14ನೇ ನಡೆಯಲ್ಲಿ ನನ್ನ ಕುದುರೆ ಪುಕ್ಕಟೆ ಹೋಯಿತು, ಆಟವೂ ಹೋಯಿತು. ಆಟ ಮುಗಿದ ಮೇಲೆ ಅವರು ಕಾಫಿ ಬಗ್ಗಿಸಿಕೊಡುತ್ತಾ ಕೇಳಿದರು, ‘ಓಪನಿಂಗ್ ಹಾಗಿರಲಿ, ಆ ಕುದುರೆಗೆ ಯಾರು ಕಾವಲಿದ್ದರು?’

ಯಾರೂ ಇರಲಿಲ್ಲ. ಅಷ್ಟೇ ವಿಷಯ. ಹೊಸಬರ ಆಟಗಳನ್ನು ತೆಗೆದು ನೋಡಿ, ಓಪನಿಂಗ್ ಗೊತ್ತಿಲ್ಲದೆ ಸೋತದ್ದು ಕಡಿಮೆ, ಕಾಯಿ ಸುಮ್ನೆ ಬಿಟ್ಟುಕೊಟ್ಟು ಸೋತದ್ದೇ ಜಾಸ್ತಿ.

ಈಗ ಪಟಕ್ಕೆ ಬನ್ನಿ. ಬಿಳಿ ರಾಜನ ಮುಂದಿನ ಕಾಲಾಳು ಎರಡು ಮನೆ, ಕಪ್ಪೂ ಹಾಗೇ ಮಾಡಲಿ. ಬಿಳಿ ಮಂತ್ರಿಯನ್ನು ಬಲಕ್ಕೆ ಓರೆಯಾಗಿ ಅಂಚಿನವರೆಗೂ ಕಳಿಸಿ. ಅದು ಕಪ್ಪು ಕಾಲಾಳಿಗೆ ಕಣ್ಣು ಹಾಕಿತು, ಹಾಗಾಗಿ ಕಪ್ಪು ತನ್ನ ಮಂತ್ರಿ ಕಡೆಯ ಕುದುರೆಯನ್ನು ಮುಂದೆ ತಂದು ಅದನ್ನು ಕಾಯಲಿ. ಈಗ ಬಿಳಿ ರಾಜನ ಪಕ್ಕದ ಒಂಟೆ ಎಡಕ್ಕೆ ಮೂರು ಮನೆ ಓರೆಗೆ. ಕಪ್ಪಿನವರಿಗೆ ಖುಷಿ, ಇನ್ನೊಂದು ಕುದುರೆ ಹಾರಿಸಿ ಮಂತ್ರಿಯನ್ನೇ ಹೆದರಿಸುತ್ತಾರೆ. ಮುಗೀತು. ಮಂತ್ರಿ ಹೋಗಿ ಕಪ್ಪು ರಾಜನ ಪಕ್ಕದ ಒಂಟೆಯ ಮುಂದಿರುವ ಕಾಲಾಳನ್ನು ಹೊಡೆಯುತ್ತದೆ, ಹಿಂದೆ ಒಂಟೆಯ ಬೆಂಬಲ, ಚೆಕ್‌ಮೇಟ್. ನಾಲ್ಕೇ ನಡೆ.

ಆ ಕಾಲಾಳನ್ನೇ ಯಾಕೆ ಹೊಡೆದರು? ಆಟದ ಶುರುವಿನಲ್ಲಿ ಅದಕ್ಕೆ ರಾಜ ಬಿಟ್ಟರೆ ಬೇರೆ ಕಾವಲಿಲ್ಲ. ಇದಿಷ್ಟು ಗೊತ್ತಿದ್ದರೆ ಹೆದರಬೇಕಾಗಿಲ್ಲ. ಕೊನೆಯ ಕಪ್ಪು ನಡೆ ವಾಪಸ್ ತಗೊಳ್ಳಿ. ಕುದುರೆಯ ಬದಲು, ಆ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ. ಮಂತ್ರಿಯ ದಾರಿ ಮುಚ್ಚಿತು, ಮೇಲಾಗಿ ಅದೇ ಈಗ ಓಡಬೇಕು. ಹಿಂದೆ ಬಂದು ಮತ್ತೆ ಆ ಒಂಟೆಯ ಮುಂದಿನ ಕಾಲಾಳಿನ ನೇರಕ್ಕೆ ನಿಂತರೆ, ಆಗ ಕುದುರೆ ತಂದು ಅಡ್ಡ ನಿಲ್ಲಿಸಿ. ಈಗ ನೋಡಿ, ಕಪ್ಪಿನ ಎರಡೂ ಕುದುರೆ ಹೊರಗೆ ಬಂದಿವೆ, ಬಿಳಿ ಮಂತ್ರಿ ಮಾತ್ರ ತನ್ನದೇ ಕುದುರೆ ಬರಬೇಕಾದ ಮನೆಯಲ್ಲಿ ಕುಳಿತಿದೆ. ಇದು ಮದುವೆ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತ ಹಾಗೆ.

ಆದರೆ ಒಂಟೆ ಹೋದ ಜಾಗ ತಪ್ಪಲ್ಲ. ಅದೇ ಜಾಗಕ್ಕೆ, ಮಂತ್ರಿಯನ್ನು ಮನೆಯಲ್ಲೇ ಬಿಟ್ಟು, ಮೊದಲು ರಾಜನ ಕಡೆಯ ಕುದುರೆ ತಂದು ಆಮೇಲೆ ಒಂಟೆ ತಂದರೆ ಅದೇ ಇಟಾಲಿಯನ್ ಓಪನಿಂಗ್. ಹೊಸಬರಿಗೆ ನಾನು ಹೇಳುವುದು ಇದನ್ನೇ. ರಾಜನ ಮುಂದಿನ ಕಾಲಾಳು ಯಾಕೆ? ನಡುವಿನ ಜಾಗ ಹಿಡಿಯಲು, ಒಂಟೆಗೆ ದಾರಿ ಬಿಡಲು. ಕುದುರೆ ಯಾಕೆ? ಎದುರಾಳಿಯ ಕಾಲಾಳಿಗೆ ಒತ್ತಡ ಹಾಕಲು. ಒಂಟೆ ಆ ದುರ್ಬಲ ಮನೆಯನ್ನು ನೋಡಲು. ಅಷ್ಟರಲ್ಲಿ ರಾಜ ಮತ್ತು ಆನೆಯ ನಡುವೆ ಖಾಲಿ ಆಗಿರುತ್ತದೆ, ಕ್ಯಾಸ್ಲಿಂಗ್ ಮಾಡಿ, ಅಂದರೆ ರಾಜನನ್ನು ಆನೆಯ ಕಡೆ ಎರಡು ಮನೆ ಸರಿಸಿ ಆನೆಯನ್ನು ಅವನ ಆಚೆ ಬದಿಗೆ ತಂದು, ರಾಜನನ್ನು ಮೂಲೆಗೆ ಸೇರಿಸಿ. ಎದುರಾಳಿ ಏನೋ ಹೊಸದು ಆಡಿದರೂ ಕಾರಣ ಗೊತ್ತಿದ್ದವರಿಗೆ ಕೈಕಟ್ಟಿ ಹೋಗುವುದಿಲ್ಲ.

ಜಾಸ್ತಿ ಟೈಮ್ ಇಲ್ಲದವರಿಗೆ ಲಂಡನ್ ಸಿಸ್ಟಮ್ ಇದೆ. ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ, ಎಡಗಡೆ ಒಂಟೆ ಹೊರಗೆ ಬಂದ ಮೇಲೆ ರಾಜನ ಮುಂದಿನ ಕಾಲಾಳು ಒಂದು ಮನೆ. ಒಂಟೆ ಒಳಗಿದ್ದಾಗಲೇ ಬಾಗಿಲು ಹಾಕಬೇಡಿ. ಇದು ಮಕ್ಕಳ ಆಟ ಅಂತ ಮೂಗು ಮುರಿಯುವವರಿದ್ದಾರೆ. 2023ರ ವಿಶ್ವ ಚಾಂಪಿಯನ್‌ಶಿಪ್‌ನ 6ನೇ ಆಟದಲ್ಲಿ ಚೀನಾದ ಡಿಂಗ್ ಲಿರೆನ್ ಇದನ್ನೇ ಆಡಿ ರಷ್ಯಾದ ನೆಪೋಮ್ನಿಯಾಚಿಯನ್ನು ಸೋಲಿಸಿದ್ದರು. ಇದರ ತೊಂದರೆ ಬೇರೆ: ಎದುರಿನವರು ಏನು ಆಡಿದರೂ ಅವೇ ನಡೆ ಆಡಬಹುದು ಅಂತ ಪಟ ನೋಡುವುದನ್ನೇ ಬಿಡುತ್ತೇವೆ. ಕಪ್ಪು ಕಾಯಿ ಬಂದಾಗ? ಅವರು ರಾಜನ ಕಾಲಾಳು ಎರಡು ಮನೆ ಹಾಕಿದರೆ ನೀವೂ ಅದನ್ನೇ, ಮಂತ್ರಿಯದು ಹಾಕಿದರೆ ನೀವೂ ಮಂತ್ರಿಯದು. ಸದ್ಯಕ್ಕೆ ಇಷ್ಟು ಸಾಕು. ಸಿಸಿಲಿಯನ್ ಎಲ್ಲೂ ಓಡಿಹೋಗಲ್ಲ.

ಉಳಿದ ಸಮಯ ಎಲ್ಲಿಗೆ ಹಾಕಬೇಕು ಅಂದರೆ, ದಿನಕ್ಕೆ ಕಾಲು ಗಂಟೆ ಚೆಸ್ ಒಗಟು ಬಿಡಿಸಿ. ಲಿಚೆಸ್ ಅನ್ನೋ ಚೆಸ್ ವೆಬ್‌ಸೈಟ್‌ನಲ್ಲಿ ಬೇಕಾದಷ್ಟು ಪುಕ್ಕಟೆ ಸಿಗುತ್ತವೆ. ಫೋನಿನಲ್ಲಿ 3 ನಿಮಿಷದ ಆಟ ಬೇಡ. ಅದರಲ್ಲಿ ಬೆರಳು ಕಲಿಯುತ್ತದೆ, ತಲೆ ಕಲಿಯಲ್ಲ. 15 ನಿಮಿಷದ್ದು ಆಡಿ. ಎದುರಿನವರು ಒಂದು ನಡೆ ಆಡಿದ ತಕ್ಷಣ ಕೈ ಮುಂದೆ ಹೋಗಬಾರದು, ಆ ಕಾಯಿಯ ಕಣ್ಣು ಈಗ ಎಲ್ಲಿದೆ, ನನ್ನ ಯಾವ ಕಾಯಿಗೆ ಕಾವಲಿಲ್ಲ ಅಂತ ಒಮ್ಮೆ ನೋಡಿ. ಟೂರ್ನಿಯಲ್ಲಿ ಮುಟ್ಟಿದ ಕಾಯಿ ನಡೆಸಲೇಬೇಕು, ಹಾಗಾಗಿ ನಾನು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ನೋಡಿದವರು ನಗುತ್ತಾರೆ, ನಗಲಿ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಗುಕೇಶ್ ಮತ್ತು ಡಿಂಗ್, ಕೊನೆಯ 14ನೇ ಆಟ. ಗುಕೇಶ್ ಹತ್ತಿರ ಒಂದು ಕಾಲಾಳು ಜಾಸ್ತಿ, ಆದರೂ ಡಿಂಗ್ ಡ್ರಾ ಮಾಡಿಕೊಳ್ಳುವ ಸ್ಥಿತಿಯಲ್ಲೇ ಇದ್ದರು. 55ನೇ ನಡೆಯಲ್ಲಿ ಆನೆಯನ್ನು ತಪ್ಪು ಮನೆಗೆ ತಂದರು. ಆನೆಗಳು ಬದಲಾದವು, ಒಂಟೆಗಳೂ ಬದಲಾಗುವುದು ತಪ್ಪುವಂತಿರಲಿಲ್ಲ. ಆಮೇಲೆ ಉಳಿಯುವುದು ರಾಜರು, ಕಾಲಾಳುಗಳು ಮತ್ತು ಆ ಒಂದು ಜಾಸ್ತಿ ಕಾಲಾಳು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಬರೀ ರಾಜ ಮತ್ತು ಕಾಲಾಳು ಇಟ್ಟುಕೊಂಡು ಆಡೋದನ್ನೂ ಅಭ್ಯಾಸ ಮಾಡಿ ಅಂತ ನಾನು ಹೇಳುವುದು ಇದಕ್ಕೇ.

ಹೇಳುವುದು ಸುಲಭ. ಮುಂದಿನ ವರ್ಷ ಅದೇ ಮಂಟಪದಲ್ಲಿ ಅದೇ ಹಿರಿಯರು ಮತ್ತೆ ಸಿಕ್ಕರು, ಅದೇ ಸ್ವೆಟರ್, ಅದೇ ಫ್ಲಾಸ್ಕ್. ನಾನು ಇಟಾಲಿಯನ್ ಆಡಿದೆ, ಒಂದು ಕಾಯಿಯನ್ನೂ ಪುಕ್ಕಟೆ ಕೊಡಲಿಲ್ಲ. 46ನೇ ನಡೆಯಲ್ಲಿ ಸೋತೆ. ಅವರು ಕಾಫಿ ಬಗ್ಗಿಸಿ ಕಪ್ ನನ್ನ ಕಡೆ ತಳ್ಳಿದರು. ‘ಕುದುರೆ ಚೆನ್ನಾಗಿ ನೋಡಿಕೊಂಡಿರಿ. ರಾಜ ಯಾಕೆ ಅಷ್ಟು ಹೊತ್ತು ಮೂಲೆಯಲ್ಲೇ ಕೂತಿದ್ದ?’